ಭಾಷಾವಾರು ರಾಜ್ಯಗಳ ಕುರಿತು ಡಾ. ಅಂಬೇಡ್ಕರ್ ಚಿಂತನೆ: ಇಂದಿನ ಆಡಳಿತಕ್ಕೆ ಅದರ ಪ್ರಸ್ತುತತೆ

1956ರ ಅಕ್ಟೋಬರ್ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಅದಾಗಿ 18 ದಿನಗಳಿಗೆ, ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆ ಜಾರಿಗೆ ಬಂದಿತು. ಅಂದು ಚದುರಿಹೋಗಿದ್ದ ಕನ್ನಡಿಗರಿಗೆ ಒಂದು ರಾಜ್ಯ ದೊರೆಯಿತು. ಅದೇ ದಿನ ನಾಗಪುರವು ರಾಜಧಾನಿಯೆಂಬ ಪದವಿಯನ್ನು ಕಳೆದುಕೊಂಡಿತು. ಡಿಸೆಂಬರ್ 6ರಂದು ಅಂಬೇಡ್ಕರ್ ಅವರು ದಿಲ್ಲಿಯಲ್ಲಿ ನಿಧನ ಹೊಂದಿದರು.

ನಾಗಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ದೀಕ್ಷಾಭೂಮಿಯ ಸ್ತೂಪವು ಚಿರಪರಿಚಿತ. ಸಂವಿಧಾನ ಶಿಲ್ಪಿಯೆಂದೂ ಶೋಷಿತರ ವಿಮೋಚಕರೆಂದೂ ನಾವು ಅವರನ್ನು ಸ್ಮರಿಸುತ್ತೇವೆ. ಆದರೆ ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ಕಟ್ಟುವ ವಿಷಯದಲ್ಲಿ ಅವರು ಎಂಟು ವರ್ಷಗಳ ಕಾಲ ನಡೆಸಿದ ಆಳವಾದ ಚಿಂತನೆಯು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಒಂದು ಭಾಷಾ ರಾಜ್ಯದಿಂದ ಹೊರಟು ಮತ್ತೊಂದು ಭಾಷಾ ರಾಜ್ಯದಲ್ಲಿ ಬಾಳು ಕಟ್ಟಿಕೊಂಡಿರುವ ನಮಗೆ ಆ ಚಿಂತನೆಯು ಬೇರೆಲ್ಲರಿಗಿಂತ ಹೆಚ್ಚು ಹತ್ತಿರದ್ದು.

ನಾಗಪುರ ಮತ್ತು ಭಾಷಾವಾರು ಪ್ರಾಂತ್ಯದ ಕಲ್ಪನೆ

ಕರ್ನಾಟಕದ ಏಕೀಕರಣದ ಇತಿಹಾಸದಲ್ಲಿ ನಾಗಪುರಕ್ಕೆ ವಿಶಿಷ್ಟ ಸ್ಥಾನವಿದೆ. 1920ರಲ್ಲಿ ಮೈಸೂರಿನ ಮಾಜಿ ದಿವಾನರಾದ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿ ನಡೆದ ರಾಜಕೀಯ ಪರಿಷತ್ತು ಕನ್ನಡ ನಾಡಿನ ಐಕ್ಯದ ಬೇಡಿಕೆಯನ್ನು ಎತ್ತಿ ಹಿಡಿದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸಿ. ವಿಜಯರಾಘವಾಚಾರ್ಯರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಬ್ರಿಟಿಷರ ಆಡಳಿತ ವಿಭಾಗಗಳನ್ನು ಬದಿಗಿಟ್ಟು ಭಾಷೆಗಳಿಗನುಗುಣವಾಗಿ ಪ್ರಾಂತ ಸಮಿತಿಗಳನ್ನು ರಚಿಸಬೇಕೆಂಬ ನಿರ್ಧಾರವು ಅಲ್ಲಿಯೇ ಅಂಗೀಕೃತವಾಯಿತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕ ಎಂಬ ಹೆಸರಿನ ಒಂದು ರಾಜಕೀಯ ಅಸ್ತಿತ್ವ ಮೊದಲು ದೊರಕಿದ್ದು ಹೀಗೆ. ನಾಲ್ಕು ವರ್ಷಗಳ ಬಳಿಕ, 1924ರಲ್ಲಿ, ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಅಧಿವೇಶನ ನಡೆಯಿತು.

ಅಂದಿನ ನಾಗಪುರವಾದರೋ ಒಂದೇ ಭಾಷೆಯ ಊರಾಗಿರಲಿಲ್ಲ. ಹಿಂದಿ ಹಾಗೂ ಮರಾಠಿ ಭಾಷಿಕರಿಬ್ಬರನ್ನೂ ಒಳಗೊಂಡಿದ್ದ ಮಧ್ಯಪ್ರಾಂತ ಮತ್ತು ವರ್ಹಾಡ ಪ್ರದೇಶಕ್ಕೆ ಅದು ರಾಜಧಾನಿ. 1936ರಿಂದ ಅಲ್ಲಿ ಸ್ವತಂತ್ರ ಹೈಕೋರ್ಟು ಇತ್ತು. ಅಂಬೇಡ್ಕರ್ ಅವರ ಸಾರ್ವಜನಿಕ ಜೀವನದ ಮಹತ್ವದ ಘಟ್ಟಗಳೂ ಈ ನಗರದೊಡನೆ ಹೆಣೆದುಕೊಂಡಿವೆ. 1930ರ ಆಗಸ್ಟಿನಲ್ಲಿ ಅಖಿಲ ಭಾರತ ಶೋಷಿತ ವರ್ಗಗಳ ಅಧಿವೇಶನದ ಅಧ್ಯಕ್ಷತೆಯನ್ನು ಅವರು ವಹಿಸಿದ್ದು ಇಲ್ಲಿ. 1942ರ ಜುಲೈನಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟವು ರೂಪುಗೊಂಡದ್ದೂ ಇಲ್ಲಿಯೇ.

ಚಿಂತನೆಯ ಮೂರು ಘಟ್ಟಗಳು

ಸ್ವಾತಂತ್ರ್ಯಾನಂತರ ಭಾಷಾವಾರು ಪ್ರಾಂತಗಳ ಪ್ರಶ್ನೆಯನ್ನು ಪರಿಶೀಲಿಸಲು 1948ರಲ್ಲಿ ಎಸ್. ಕೆ. ಧಾರ್ ಅಧ್ಯಕ್ಷತೆಯ ಆಯೋಗ ನೇಮಕಗೊಂಡಿತು. ಅದರ ಮುಂದೆ ಅಂಬೇಡ್ಕರ್ ಅವರು ಸಲ್ಲಿಸಿದ ನಿವೇದನೆಯು ಮಹಾರಾಷ್ಟ್ರವನ್ನು ಭಾಷಾ ಪ್ರಾಂತವನ್ನಾಗಿ ರಚಿಸುವುದಕ್ಕೆ ಸಂಬಂಧಿಸಿದ್ದು. ಪ್ರಜೆಗಳಲ್ಲಿ ಪರಸ್ಪರ ಬಂಧುಭಾವವಿಲ್ಲದಿದ್ದರೆ ಪ್ರಜಾಪ್ರಭುತ್ವ ನಡೆಯಲಾರದು, ಒಂದು ಭಾಷೆಯನ್ನಾಡುವ ಜನರಲ್ಲಿ ಆ ಭಾವವು ಸುಲಭವಾಗಿ ಬೆಳೆಯುತ್ತದೆ ಎಂಬುದು ಅವರ ವಾದದ ತಿರುಳು. ಜೊತೆಗೆ ಅವರೊಂದು ಎಚ್ಚರಿಕೆಯನ್ನೂ ಸೇರಿಸಿದ್ದರು. ಪ್ರಾಂತದ ಭಾಷೆಯೇ ಆಡಳಿತ ಭಾಷೆಯೂ ಆದಲ್ಲಿ ಪ್ರತಿ ಪ್ರಾಂತವೂ ತನ್ನನ್ನು ಬೇರೆಯೇ ರಾಷ್ಟ್ರವೆಂದು ಭಾವಿಸುವ ಅಪಾಯವುಂಟು ಎಂಬುದು ಆ ಎಚ್ಚರಿಕೆ.

ಎರಡನೆಯ ಘಟ್ಟ 1953ರದು. ಆಂಧ್ರ ರಾಜ್ಯದ ರಚನೆ ನಿಶ್ಚಯವಾದ ಸಮಯದಲ್ಲಿ ಅವರು ಬರೆದ ಪತ್ರಿಕಾ ಲೇಖನವು ಭಾಷೆಯ ಪ್ರಶ್ನೆಯ ಒಳಗೆ ಅಡಗಿರುವ ಜಾತಿಯ ಪ್ರಶ್ನೆಯನ್ನು ಹೊರಗೆಳೆಯಿತು. ಪ್ರತಿಯೊಂದು ಭಾಷಾ ಪ್ರದೇಶದಲ್ಲಿಯೂ ಭೂಮಿ, ಸಂಖ್ಯೆ ಮತ್ತು ಪ್ರಭಾವ ಮೂರನ್ನೂ ಹೊಂದಿರುವ ಒಂದೆರಡು ಸಮುದಾಯಗಳಿರುತ್ತವೆ. ಭಾಷೆಯ ಹೆಸರಿನಲ್ಲಿ ಬಂದ ಅಧಿಕಾರ ಆ ಸಮುದಾಯಗಳ ಕೈ ಸೇರಿದರೆ ಉಳಿದ ಸಣ್ಣಪುಟ್ಟ ಜನವರ್ಗಗಳ ಪಾಡೇನು? ಇಂಥವರ ರಕ್ಷಣೆಗೆ ತಕ್ಕ ನಿಯಂತ್ರಣಗಳಿಲ್ಲದೆ ರಾಜ್ಯಗಳನ್ನು ರಚಿಸಕೂಡದೆಂದು ಅವರು ವಾದಿಸಿದರು.

ಮೂರನೆಯದು 1955. ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರಾಗಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ಆ ವರ್ಷದ ಸೆಪ್ಟೆಂಬರಿನಲ್ಲಿ ವರದಿ ಸಲ್ಲಿಸಿತು. ಮೂರು ತಿಂಗಳೊಳಗೆ ಅಂಬೇಡ್ಕರ್ ಅವರು ಭಾಷಾವಾರು ರಾಜ್ಯಗಳನ್ನು ಕುರಿತ ತಮ್ಮ ಪುಸ್ತಕವನ್ನು ಸಿದ್ಧಪಡಿಸಿದರು. ಅದರಲ್ಲಿನ ಒಂದು ಭೇದವನ್ನು ಗಮನಿಸಬೇಕು. ಒಂದು ರಾಜ್ಯಕ್ಕೆ ಒಂದು ಭಾಷೆ ಇರಬೇಕೆಂಬುದು ಬೇರೆ. ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂಬುದು ಬೇರೆ. ಮೊದಲನೆಯದನ್ನು ಅವರು ಒಪ್ಪಿದರು, ಎರಡನೆಯದು ಅನಿವಾರ್ಯವಲ್ಲವೆಂದರು. ಒಂದು ಭಾಷಾ ಪ್ರದೇಶವನ್ನು ಎಷ್ಟು ರಾಜ್ಯಗಳಾಗಿ ಮಾಡಬೇಕೆಂಬುದನ್ನು ನಿರ್ಧರಿಸಲು ಅವರು ನಾಲ್ಕು ಅಳತೆಗೋಲುಗಳನ್ನು ಸೂಚಿಸಿದರು: ದಕ್ಷ ಆಡಳಿತದ ಅಗತ್ಯ, ಆಯಾ ಪ್ರದೇಶದ ಬೇಡಿಕೆಗಳು, ಆಯಾ ಪ್ರದೇಶದ ಜನರ ಭಾವನೆಗಳು ಮತ್ತು ಬಹುಸಂಖ್ಯಾತರಿಗೂ ಅಲ್ಪಸಂಖ್ಯಾತರಿಗೂ ಇರುವ ಪ್ರಮಾಣ.

ರಾಜ್ಯದ ಗಾತ್ರ: ನಾಗಪುರ ಮತ್ತು ಬೆಳಗಾವಿ

ಈ ಅಳತೆಗೋಲುಗಳನ್ನು ಹಿಡಿದು ಅವರು ಉತ್ತರ ಪ್ರದೇಶವನ್ನು ಮೂರು, ಬಿಹಾರವನ್ನು ಎರಡು, ಮಧ್ಯಪ್ರದೇಶವನ್ನು ಎರಡು ಮತ್ತು ಮರಾಠಿ ಪ್ರದೇಶವನ್ನು ನಾಲ್ಕು ರಾಜ್ಯಗಳಾಗಿ ವಿಂಗಡಿಸುವ ಸಲಹೆಯನ್ನಿತ್ತರು. ಬಿಹಾರದ ಎರಡನೆಯ ರಾಜ್ಯಕ್ಕೆ ರಾಂಚಿ ರಾಜಧಾನಿಯಾಗಬೇಕೆಂದು ಸೂಚಿಸಿದ್ದರು. 2000ದ ನವೆಂಬರಿನಲ್ಲಿ ಝಾರ್ಖಂಡ ರಾಜ್ಯ ಉದಯವಾದಾಗ ರಾಂಚಿಯೇ ರಾಜಧಾನಿಯಾಯಿತು. ಅದೇ ತಿಂಗಳಲ್ಲಿ ಛತ್ತೀಸಗಢ ಹಾಗೂ ಇಂದಿನ ಉತ್ತರಾಖಂಡ ಜನಿಸಿದವು. 2014ರ ಜೂನ್ 2ರಂದು ತೆಲುಗು ಭಾಷಿಕರಿಗೆ ಎರಡನೆಯ ರಾಜ್ಯವಾಗಿ ತೆಲಂಗಾಣ ಬಂದಿತು. ಒಂದು ಭಾಷೆಗೆ ಒಂದಕ್ಕಿಂತ ಹೆಚ್ಚು ರಾಜ್ಯಗಳಿರಬಹುದೆಂಬ ಅವರ ಮಾತು ದಕ್ಷಿಣದಲ್ಲಿಯೂ ನಿಜವಾದದ್ದು ಹೀಗೆ.

ವಿದರ್ಭದ ಕಥೆ ಬೇರೆಯಾಯಿತು. ಪ್ರತ್ಯೇಕ ವಿದರ್ಭವನ್ನು ಫಜಲ್ ಅಲಿ ಆಯೋಗವೂ ಶಿಫಾರಸು ಮಾಡಿತ್ತು. ಆದರೂ ಆ ಪ್ರದೇಶವು 1956ರಲ್ಲಿ ದ್ವಿಭಾಷಾ ಮುಂಬಯಿ ರಾಜ್ಯಕ್ಕೂ 1960ರ ಮೇ 1ರಂದು ಮಹಾರಾಷ್ಟ್ರಕ್ಕೂ ಸೇರಿತು. ಅದಕ್ಕೆ ಮುನ್ನ, 1953ರ ಸೆಪ್ಟೆಂಬರ್ 28ರಂದು, ಮರಾಠಿ ನಾಯಕರು ನಾಗಪುರ ಒಪ್ಪಂದಕ್ಕೆ ಸಹಿ ಹಾಕಿದ್ದರು. ಜನಸಂಖ್ಯೆಗೆ ತಕ್ಕಂತೆ ವೆಚ್ಚದ ಹಂಚಿಕೆ, ನೌಕರಿ ಮತ್ತು ಶಿಕ್ಷಣದಲ್ಲಿ ಪಾಲು, ವರ್ಷದಲ್ಲಿ ನಿಗದಿತ ಕಾಲ ಸರಕಾರವೇ ನಾಗಪುರಕ್ಕೆ ಬಂದು ಕುಳಿತುಕೊಳ್ಳುವುದು, ಕನಿಷ್ಠ ಒಂದು ಅಧಿವೇಶನವನ್ನು ಇಲ್ಲಿ ನಡೆಸುವುದು ಆ ಒಪ್ಪಂದದ ಮುಖ್ಯಾಂಶಗಳು. ಕೆಲವು ವರ್ಷಗಳ ಅಪವಾದವನ್ನು ಬಿಟ್ಟರೆ ಡಿಸೆಂಬರಿನ ಸುಮಾರಿಗೆ ಇಲ್ಲಿ ನಡೆಯುತ್ತ ಬಂದಿರುವ ಚಳಿಗಾಲದ ಅಧಿವೇಶನಕ್ಕೆ ಮೂಲ ಅದೇ. ಮುಂಬಯಿ ಹೈಕೋರ್ಟಿನ ನಾಗಪುರ ಪೀಠವೂ ಕಳೆದುಹೋದ ರಾಜಧಾನಿಗೆ ಸಂದ ಪರಿಹಾರವೇ.

ಕರ್ನಾಟಕದ ಓದುಗರಿಗೆ ಇದೆಲ್ಲ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. 2006ರಲ್ಲಿ ಬೆಳಗಾವಿಯಲ್ಲಿ ಮೊದಲ ಬಾರಿ ಕರ್ನಾಟಕ ವಿಧಾನಮಂಡಲದ ಅಧಿವೇಶನ ಸೇರಿತು. 2012ರ ಅಕ್ಟೋಬರ್ 11ರಂದು ಅಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಗೊಂಡಿತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಖಾಯಂ ಆದವು. ಮಹಾರಾಷ್ಟ್ರದಲ್ಲಿ 1983ರಲ್ಲಿ ನೇಮಕಗೊಂಡ ವಿ. ಎಂ. ದಾಂಡೇಕರ್ ಸಮಿತಿಯು ಪ್ರದೇಶವಾರು ಹಿಂದುಳಿದಿರುವಿಕೆಯ ಲೆಕ್ಕ ಹಾಕಿತು. ಮರಾಠಿಯಲ್ಲಿ ‘ಅನುಶೇಷ’ ಎಂಬ ಪದ ಮನೆಮಾತಾದದ್ದು ಅದರ ನಂತರ. ಕರ್ನಾಟಕದಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಸಂವಿಧಾನದ 371ನೆಯ ಅನುಚ್ಛೇದವು ವಿದರ್ಭ ಮತ್ತು ಮರಾಠವಾಡಗಳಿಗೆ ಅಭಿವೃದ್ಧಿ ಮಂಡಳಿಗಳನ್ನು ಸ್ಥಾಪಿಸಲು ಅವಕಾಶ ಕಲ್ಪಿಸಿತು. 1994ರಲ್ಲಿ ಅವು ಸ್ಥಾಪನೆಯಾದವು. ಹೈದರಾಬಾದ್ ಕರ್ನಾಟಕಕ್ಕೆ 2012ರ 98ನೆಯ ತಿದ್ದುಪಡಿಯ ಮೂಲಕ 371 ಜೆ ಅನುಚ್ಛೇದ ಬಂದಿತು.

ಮರಾಠಿಯೊಂದೇ ಮಾತೆಂಬುದರಿಂದ ಅಮರಾವತಿಗೂ ಪುಣೆಗೂ ಸಮಾನ ನೀರಾವರಿ ದೊರೆಯಲಿಲ್ಲ. ಕನ್ನಡವೊಂದೇ ಮಾತೆಂಬುದರಿಂದ ಯಾದಗಿರಿಯ ಶಾಲೆಯೂ ಬೆಂಗಳೂರಿನ ಶಾಲೆಯೂ ಒಂದಾಗಲಿಲ್ಲ. ಭಾಷೆಯು ಜನರನ್ನು ಒಂದುಗೂಡಿಸುತ್ತದೆ. ನ್ಯಾಯವನ್ನು ಹಂಚುವುದು ಆಡಳಿತದ ಕೆಲಸ. ಅಂಬೇಡ್ಕರ್ ಅವರು ಭಾಷೆಯೊಂದನ್ನೇ ನೆಚ್ಚದೆ ನಾಲ್ಕು ಅಳತೆಗೋಲುಗಳನ್ನು ಇಟ್ಟದ್ದು ಈ ಕಾರಣಕ್ಕಾಗಿಯೇ. ಪ್ರತ್ಯೇಕ ರಾಜ್ಯವೇ ಮದ್ದು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಒಳಗಿನ ಪ್ರದೇಶಗಳ ನಡುವೆ ನ್ಯಾಯ ನಡೆಯುವಷ್ಟು ಕಾಲ ದೊಡ್ಡ ರಾಜ್ಯವೂ ಬಾಳಬಲ್ಲದು. ಅದು ತಪ್ಪಿದಾಗ ಬೇಡಿಕೆ ಏಳುತ್ತದೆ.

ರಾಜ್ಯಗಳ ಗಾತ್ರದ ಪ್ರಶ್ನೆಗೆ ಮತ್ತೊಂದು ಮುಖವೂ ಇದೆ. ಉತ್ತರದಲ್ಲಿ ಬೃಹತ್ ರಾಜ್ಯಗಳನ್ನು ಉಳಿಸಿ ದಕ್ಷಿಣವನ್ನು ಸಣ್ಣ ರಾಜ್ಯಗಳಾಗಿ ವಿಭಜಿಸಿದರೆ ಒಕ್ಕೂಟದ ಸಮತೋಲ ಕೆಡುವುದೆಂದು ಅವರು 1955ರಲ್ಲಿಯೇ ಆತಂಕಪಟ್ಟಿದ್ದರು. ಲೋಕಸಭೆಯಲ್ಲಿ ಉತ್ತರ ಪ್ರದೇಶದ ಸ್ಥಾನಗಳು 80, ಕರ್ನಾಟಕದವು 28 ಎಂಬ ಹಂಚಿಕೆಗೆ 1971ರ ಜನಗಣತಿಯೇ ಆಧಾರ. 2001ರ 84ನೆಯ ತಿದ್ದುಪಡಿಯು ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಈ ಕುರಿತು ದಕ್ಷಿಣದ ರಾಜ್ಯಗಳಲ್ಲಿ ಎದ್ದ ಚರ್ಚೆಯು ಅವರ ಆತಂಕದ ಮುಂದುವರಿಕೆಯಾಗಿದೆ.

ಹೊರನಾಡ ಕನ್ನಡಿಗ ಮತ್ತು ಅಲ್ಪಸಂಖ್ಯಾತರ ಹಕ್ಕು

ನಾಲ್ಕನೆಯ ಅಳತೆಗೋಲು ನಮ್ಮ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ಗಡಿಗಳನ್ನು ಎಷ್ಟೇ ಜಾಣತನದಿಂದ ಎಳೆದರೂ ಪ್ರತಿ ರಾಜ್ಯದಲ್ಲಿ ಬೇರೆ ನುಡಿಯವರು ಉಳಿಯುತ್ತಾರೆ. ಇದನ್ನರಿತೇ 1956ರ 7ನೆಯ ತಿದ್ದುಪಡಿಯು ಸಂವಿಧಾನಕ್ಕೆ ಎರಡು ಅನುಚ್ಛೇದಗಳನ್ನು ಸೇರಿಸಿತು. 350 ಎ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. 350 ಬಿ ಪ್ರಕಾರ ರಾಷ್ಟ್ರಪತಿಗಳು ನೇಮಿಸುವ ವಿಶೇಷಾಧಿಕಾರಿಯು ಈ ರಕ್ಷಣೆಗಳನ್ನು ಪರಿಶೀಲಿಸಿ ವರದಿ ಸಲ್ಲಿಸಬೇಕು. ಆ ವರದಿಯನ್ನು ಸಂಸತ್ತಿನ ಮುಂದಿಡಬೇಕು. ಇದಕ್ಕೂ ಮೊದಲೇ, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಸರಳ ಲೆಕ್ಕವನ್ನು ಒಪ್ಪಿಕೊಂಡಿತ್ತು. ಶಾಲೆಯಲ್ಲಿ ಒಂದು ಅಲ್ಪಸಂಖ್ಯಾತ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂಬುದೇ ಆ ಲೆಕ್ಕ.

2002ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಅಲ್ಪಸಂಖ್ಯಾತರಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂಬುದು ಅದರ ಸಾರ. ಅಂದರೆ ದಾವಣಗೆರೆಯಲ್ಲಿ ಬಹುಸಂಖ್ಯಾತನಾದ ಕನ್ನಡಿಗನು ನಾಗಪುರಕ್ಕೆ ಬಂದ ದಿನವೇ ಭಾಷಾ ಅಲ್ಪಸಂಖ್ಯಾತನಾಗುತ್ತಾನೆ. ಸಂಸ್ಥೆ ಕಟ್ಟುವ, ಶಾಲೆ ನಡೆಸುವ ಹಕ್ಕು ಅವನಿಗುಂಟು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ಕನ್ನಡದಲ್ಲಿಯೂ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಗಡಿನಾಡಿನಲ್ಲಿ ನೆಲೆಯೂರಿದ ಸಮುದಾಯಕ್ಕೆ ದೊರೆತ ಈ ಸೌಲಭ್ಯವು ರೈಲ್ವೆ, ಬ್ಯಾಂಕು, ಕೇಂದ್ರ ಸರಕಾರದ ಕಚೇರಿ, ಹೋಟೆಲು ಮುಂತಾದ ಉದ್ಯೋಗಗಳಿಂದ ನಾಗಪುರಕ್ಕೆ ಬಂದು ಬಡಾವಣೆಗಳಲ್ಲಿ ಚದುರಿರುವ ಕುಟುಂಬಗಳಿಗೆ ಸುಲಭವಾಗಿ ಎಟುಕುವುದಿಲ್ಲ. ಒಂದು ತರಗತಿಯಲ್ಲಿ 10 ಕನ್ನಡ ಮಕ್ಕಳನ್ನು ಕೂಡಿಸುವುದೇ ಇಲ್ಲಿ ಕಷ್ಟ. ಹಕ್ಕು ಕಾಗದದಲ್ಲಿದ್ದರೂ ಕೇಳುವವರು ಒಟ್ಟಾಗದಿದ್ದರೆ ಅದು ನಿಷ್ಫಲ.

ನಾಣ್ಯದ ಇನ್ನೊಂದು ಮುಖ

ಹಕ್ಕುಗಳ ಮಾತಿನೊಂದಿಗೆ ಕರ್ತವ್ಯದ ಮಾತೂ ಬರುತ್ತದೆ. ಕರ್ನಾಟಕವು 2015ರಲ್ಲಿ ಕನ್ನಡ ಭಾಷಾ ಕಲಿಕಾ ಕಾಯಿದೆಯನ್ನು ತಂದು 1ರಿಂದ 10ನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿತು. ಕೇರಳವು 2017ರಲ್ಲಿ ಮಲೆಯಾಳಕ್ಕೆ, ಮಹಾರಾಷ್ಟ್ರವು 2020ರಲ್ಲಿ ಮರಾಠಿಗೆ ಅಂಥದೇ ಕಾನೂನು ಮಾಡಿದವು. ಮೂರರ ಉದ್ದೇಶವೂ ಬಹುಮಟ್ಟಿಗೆ ಒಂದೇ. ಆದರೆ ಕೇರಳದ ಕಾನೂನನ್ನು ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದಾಗ ನಾವು ಅವರ ಪರ ನಿಂತೆವು; ಕರ್ನಾಟಕದ ಕಾನೂನನ್ನು ಹೆಮ್ಮೆಯಿಂದ ಸ್ವಾಗತಿಸಿದೆವು. ಎರಡೂ ನಿಲುವುಗಳಿಗೆ ಸಮರ್ಥನೆಯಿರಬಹುದು. ಆದರೂ ಎರಡಕ್ಕೂ ಒಂದೇ ಅಳತೆಗೋಲನ್ನು ಹಿಡಿಯಬೇಕೆಂಬುದೇ ಅಂಬೇಡ್ಕರ್ ಚಿಂತನೆಯು ನಮ್ಮಿಂದ ಅಪೇಕ್ಷಿಸುವ ಶಿಸ್ತು.

ನೆಲದ ಭಾಷೆಯನ್ನು ಕಲಿಯುವುದು ವಲಸಿಗನ ಧರ್ಮ. ಮರಾಠಿ ಕಲಿತ ನಮ್ಮ ಮಕ್ಕಳು ಅದರಿಂದ ಏನನ್ನೂ ಕಳೆದುಕೊಂಡಿಲ್ಲ. ಆದರೆ ನೆಲದ ಭಾಷೆ ಬರುವಾಗ ಮನೆಯ ಭಾಷೆಗೂ ಸ್ಥಳವಿರಬೇಕು. ನಾಗಪುರದ ಕನ್ನಡ ಮಗುವಿಗೆ ಇದನ್ನು ಕೇಳುವ ನಾವು ಬೆಳಗಾವಿಯ ಮರಾಠಿ ಮಗುವಿಗೂ ಕಲಬುರಗಿಯ ಉರ್ದು ಮಗುವಿಗೂ ಇದನ್ನೇ ಬಯಸಬೇಕು. ಕೊಡಗಿನ, ತುಳುನಾಡಿನ, ಕೊಂಕಣಿ ಮನೆಗಳ ಮಕ್ಕಳ ವಿಷಯದಲ್ಲಿಯೂ ಹಾಗೆಯೇ.

ಭಾಷೆಯೊಳಗಿನ ಜಾತಿಯ ಪ್ರಶ್ನೆಗೂ ಆಡಳಿತವು ತಡವಾಗಿಯಾದರೂ ಉತ್ತರಿಸಿದೆ. ಕರ್ನಾಟಕವು 1983ರ ಕಾನೂನಿನ ಮೇರೆಗೆ 1987ರಲ್ಲಿ ನಡೆಸಿದ ಪಂಚಾಯತಿ ಚುನಾವಣೆಗಳಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಕಾದಿರಿಸಿತ್ತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರ ಮೀಸಲಾತಿಯನ್ನು ದೇಶದ ಪಂಚಾಯತಿಗಳಿಗೆ ವಿಸ್ತರಿಸಿತು. ಹಳ್ಳಿಯ ಬಲಾಢ್ಯರ ಕುರಿತು ಅಂಬೇಡ್ಕರ್ ಅವರಿಗಿದ್ದ ಶಂಕೆಗೆ ಸಂವಿಧಾನವೇ ಕಂಡುಕೊಂಡ ಉತ್ತರವಿದು.

ಕಾಲವು ಒಪ್ಪದ ಮಾತು

ಅವರ ಎಲ್ಲ ಸಲಹೆಗಳೂ ಕಾಲದ ಪರೀಕ್ಷೆಯಲ್ಲಿ ಉಳಿದವೆಂದರೆ ಅತಿಶಯೋಕ್ತಿಯಾದೀತು. ಪ್ರದೇಶದ ಭಾಷೆಯು ರಾಜ್ಯದ ಆಡಳಿತ ಭಾಷೆಯಾಗಬಾರದು, ಹಿಂದಿಯೂ ಅದಕ್ಕೆ ದೇಶ ಸಿದ್ಧವಾಗುವವರೆಗೆ ಇಂಗ್ಲಿಷೂ ಆ ಸ್ಥಾನದಲ್ಲಿರಬೇಕು ಎಂಬ ಅವರ ಸಲಹೆಯನ್ನು ದೇಶ ಸ್ವೀಕರಿಸಲಿಲ್ಲ. ಕರ್ನಾಟಕ 1963ರಲ್ಲಿ, ಮಹಾರಾಷ್ಟ್ರ 1964ರಲ್ಲಿ ತಮ್ಮ ಭಾಷೆಗಳನ್ನೇ ಆಡಳಿತ ಭಾಷೆಗಳಾಗಿ ಶಾಸನಬದ್ಧಗೊಳಿಸಿದವು. ದೇಶ ಒಡೆಯಲಿಲ್ಲ. ಪಹಣಿಯನ್ನು ತನ್ನ ಭಾಷೆಯಲ್ಲಿ ಓದಬಲ್ಲ ರೈತ, ಅರ್ಜಿಯನ್ನು ತನ್ನ ಭಾಷೆಯಲ್ಲಿ ಬರೆಯಬಲ್ಲ ತಾಯಿ, ಸರಕಾರವನ್ನು ತನ್ನದೆಂದು ತಿಳಿಯುತ್ತಾರೆ. 1948ರಲ್ಲಿ ಅವರೇ ಹೇಳಿದ ಬಂಧುಭಾವದ ವಾದವು ಇಲ್ಲಿ ಅವರ ಎಚ್ಚರಿಕೆಗಿಂತ ಬಲವಾಗಿ ನಿಂತಿತು. ಆದರೂ ಆ ಎಚ್ಚರಿಕೆಯ ಹಿಂದಿನ ಕಾಳಜಿ ಹಳತಾಗಿಲ್ಲ. ನದಿನೀರಿನ ಕಲಹದಲ್ಲಿ, ಗಡಿ ವಿವಾದದಲ್ಲಿ, ಬೇರೆ ನುಡಿಯವರ ಮೇಲೆ ಆಗಾಗ ಏಳುವ ಸಿಟ್ಟಿನಲ್ಲಿ ಅದು ಇಣುಕುತ್ತದೆ. 1967ರ ಮಹಾಜನ ಆಯೋಗದ ವರದಿಯ ನಂತರವೂ ಕರ್ನಾಟಕ–ಮಹಾರಾಷ್ಟ್ರ ಗಡಿಯ ಪ್ರಶ್ನೆಯು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ಗಡಿಯ ಬಿಸಿ ಏರಿದಾಗಲೆಲ್ಲ ಎರಡೂ ಕಡೆಯ ಅಲ್ಪಸಂಖ್ಯಾತರೇ ಮೊದಲು ಅಂಜುತ್ತಾರೆ.

ನಮ್ಮ ಪಾಲಿನ ಕೆಲಸ

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳೆಲ್ಲ ಕೊನೆಗೆ ಎಣಿಕೆಯ ಮೇಲೆ ನಿಂತಿವೆ. ಎಷ್ಟು ಮಂದಿ ಯಾವ ನುಡಿಯವರೆಂಬುದನ್ನು ಸರಕಾರಕ್ಕೆ ತಿಳಿಸುವುದು ಜನಗಣತಿಯ ಮಾತೃಭಾಷೆಯ ಕಾಲಮ್ಮು. 2011ರ ಬಳಿಕದ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಗೊತ್ತುಪಡಿಸಲಾಯಿತು. ಎರಡು ತಲೆಮಾರುಗಳಿಂದ ಇಲ್ಲಿರುವ ಎಷ್ಟೋ ಮನೆಗಳಲ್ಲಿ ಗಣತಿದಾರರು ತಾವಾಗಿಯೇ ಮರಾಠಿ ಅಥವಾ ಹಿಂದಿ ಎಂದು ಬರೆದುಕೊಳ್ಳುವ ಸಂಭವವುಂಟು. ಕೇಳಿ ಸರಿಪಡಿಸುವುದು ಮನೆಯವರ ಹೊಣೆ. ಕನ್ನಡ ಮನೆಮಾತಾದವರು ಕನ್ನಡವೆಂದೇ ಬರೆಸಬೇಕು. ತುಳು, ಕೊಂಕಣಿ, ಕೊಡವ ಮನೆಮಾತಾದವರು ಅದನ್ನೇ ಬರೆಸಬೇಕು. ಕಳೆದ ಗಣತಿಗಳಲ್ಲಿ ಬಲ್ಲ ಬೇರೆ ಎರಡು ಭಾಷೆಗಳಿಗೂ ಸ್ಥಳವಿದ್ದು ಅಲ್ಲಿ ಕನ್ನಡವನ್ನು ನಮೂದಿಸಬಹುದಾಗಿತ್ತು. ಕನ್ನಡದ ಸಂಖ್ಯೆಯನ್ನು ಹೆಚ್ಚಿಸುವ ಆಸೆಯಿಂದ ಚಿಕ್ಕ ನುಡಿಗಳನ್ನು ಮರೆಮಾಡಿದರೆ ನಾವು ಯಾವುದನ್ನು ಇತರರಲ್ಲಿ ತಪ್ಪೆಂದೆವೋ ಅದನ್ನೇ ಮಾಡಿದಂತಾಗುತ್ತದೆ.

ಅಂಬೇಡ್ಕರ್ ಅವರಿಗೆ ಭಾಷಾ ರಾಜ್ಯವು ಒಂದು ಸಾಧನವಾಗಿತ್ತು. ಅದರೊಳಗಿನ ಅತಿ ಚಿಕ್ಕ ಗುಂಪು ಎಷ್ಟು ನಿರ್ಭಯವಾಗಿದೆ, ರಾಜಧಾನಿಯಿಂದ ಅತಿ ದೂರದ ತಾಲ್ಲೂಕು ಎಷ್ಟು ಪಾಲು ಪಡೆದಿದೆ ಎಂಬುದರಿಂದ ಅವರು ಅದರ ಯೋಗ್ಯತೆಯನ್ನು ಅಳೆದರು. ನಾಗಪುರದ ಕನ್ನಡಿಗರು ಒಂದು ರಾಜ್ಯದಲ್ಲಿ ಬಹುಸಂಖ್ಯಾತರ ಬಂಧುಗಳು, ಇನ್ನೊಂದರಲ್ಲಿ ಅಲ್ಪಸಂಖ್ಯಾತರು. ಎರಡೂ ಬದಿಗಳನ್ನು ಬಲ್ಲವರಿಗೆ ಈ ಅಳತೆಯ ಬೆಲೆ ಬೇಗ ಅರಿವಾಗುತ್ತದೆ. ಅದನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ತಿಳಿಸಿಕೊಡುವುದು ನಮ್ಮ ಕರ್ತವ್ಯವಾಗಿದೆ.